ಲೆಸ್ ಅಂದರೆ ಇಲ್ಲದ

“ಒಂದು ತಿಂಗಳು ನೀ ಬರಬ್ಯಾಡ. ನಾ ಹ್ಯಾಂಗ ರಾಜಾನಂಗ ಇರ್ತೇನಿ ನೋಡು!”

ಹೀಗೆ ಘೋಷಿಸಿದವರು ಪರಸಪ್ಪ ಮಾಸ್ತರರು. ಸಿಂದಗಿಯಿಂದ ಇಂಡಿಗೆ ಹೋಗುವ ರಸ್ತೆಯ ಮಗ್ಗುಲಿನ ಸಣ್ಣ ಊರೊಂದರ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಹೆಂಡತಿ ಭುವನೇಶ್ವರಿ ಮುದ್ದೇಬಿಹಾಳದ ಕಡೆ ಗಣಿತದ ಟೀಚರು. ಇಬ್ಬರನ್ನೂ ಒಂದೇ ಕಡೆ ಹಾಕಿರೆಂದು ಕೊಟ್ಟ ಅರ್ಜಿ ಎರಡು ವರ್ಷದಿಂದ ಯಾವುದೋ ಕಪಾಟಿನಲ್ಲಿ ಸುಖವಾಗಿ ಮಲಗಿದೆ. ಹೀಗಾಗಿ ಅವರದು ಶನಿವಾರದ ಸಂಸಾರ. ಆಕೆ ಶನಿವಾರ ಬಸ್ಸಿಳಿದರೆ ಶುರು, ಸೋಮವಾರ ಬಸ್ಸು ಹತ್ತಿದರೆ ಬಂದ್!

ಜಗಳ ಹತ್ತಿದ್ದು ಚಹಾದಿಂದ. “ನಾ ಇಲ್ಲಂದ್ರ ನಿಮಗ ಒಂದು ಕಪ್ ಚಾ ಸುದ್ದಾ ಕುದಿಯೂದಿಲ್ಲ” ಎಂದು ಆಕೆ ನಕ್ಕಳು. ಚಹಾ ಕುದಿಯದಿದ್ದರೂ ಮಾಸ್ತರರು ಕುದ್ದರು, ಮೇಲಿನ ಘೋಷಣೆ ಹೊರಬಿತ್ತು. ಆಕೆ ಗಣಿತದವಳು, ತಿಂಗಳೆಂದರೆ ತಿಂಗಳು. ಮೂರು ಶನಿವಾರ ಬಸ್ಸು ಬಂತು, ಆಕೆ ಬರಲಿಲ್ಲ. ಫೋನಿನಲ್ಲಿ “ಹ್ಯಾಂಗದೀರಿ?” ಎಂದರೆ ಇವರು “ಏಕದಂ ಫಸ್ಟ್‌ಕ್ಲಾಸ್!” ಎನ್ನುವರು. ಫೋನಿಟ್ಟ ಮೇಲೆ ಖಾಲಿ ಮನೆಯಲ್ಲಿ ಕೂತು ಆಕೆಯ ಸೀರೆಯ ಮಡಿಕೆ ಸವರುವರು. ಬಾ ಎನ್ನಲು ಜೀವ ಹಾತೊರೆಯುತ್ತಿತ್ತು, ನಾಲಿಗೆ ಮಾತ್ರ ಏಳುತ್ತಿರಲಿಲ್ಲ.

ಅದೇ ಹೊತ್ತಿಗೆ ಶಾಲೆಯ ಕಂಪೌಂಡ್ ಗೋಡೆಗೆ ಇಂಗ್ಲಿಷ್ ಶಬ್ದ ಬರೆಸುವ ಕೆಲಸ ಬಂತು. ಮಾಸ್ತರರು ‘ಲೆಸ್’ ಎಂದು ಮುಗಿಯುವ ಗುಣವಾಚಕಗಳನ್ನು ಆರಿಸಿದರು. ಲೆಸ್ ಅಂದರೆ ಇಲ್ಲದ. ಫಿಯರ್‌ಲೆಸ್, ಭಯವಿಲ್ಲದ, ಉದಾಹರಣೆಗೆ ಸೈನಿಕ. ಒಂದು ಹಾಳೆ ಚೆಂದಾಗಿ ಮುಗಿಯಿತು. ಇನ್ನೊಂದು ಹಾಳೆ ಎಳೆದುಕೊಂಡರು ನೋಡಿ, ಪೆನ್ನು ಬೇರೆ ದಾರಿ ಹಿಡಿಯಿತು! ಎದೆಯಲ್ಲಿದ್ದದ್ದೆಲ್ಲ ಉದಾಹರಣೆಯಾಗಿ ಇಳಿಯಿತು. ಹೆಂಡತಿಗೆ ಕಳಿಸಲೆಂದೇ ಅದರ ಫೋಟೋ ತೆಗೆದರು, ಧೈರ್ಯ ಸಾಲದೆ ಬಿಟ್ಟರು. ಆಮೇಲೆ ಪಾಠದ ಹಾಳೆಯದೆಂದುಕೊಂಡು ಅದೇ ಫೋಟೋವನ್ನು ಪೇಂಟರ್ ಜುಲ್ಫಿಕರನ ಫೋನಿಗೆ ಕಳಿಸಿ, ಶುಕ್ರವಾರ ತರಬೇತಿಗೆಂದು ಇಂಡಿಗೆ ಹೊರಟುಹೋದರು.

ಶನಿವಾರ ಬೆಳಿಗ್ಗೆ ಮಾಸ್ತರರು ತಿರುಗಿ ಬಂದಾಗ ಗೋಡೆಯ ಮುಂದೆ ಅರ್ಧ ಊರು ನಿಂತಿತ್ತು. ಗೇಣುದ್ದದ ನೀಲಿ ಅಕ್ಷರ:

ಟೇಸ್ಟ್‌ಲೆಸ್ – ರುಚಿ ಇಲ್ಲದ. ಉದಾ: ನಾ ಮಾಡಿದ ಝುಣಕ.
ಹೆಲ್ಪ್‌ಲೆಸ್ – ದಿಕ್ಕಿಲ್ಲದ. ಉದಾ: ದಿಂಬಿಗೆ ಕವರ್ ಹಾಕಾಕ ಬರದ ಗಂಡ.
ಸ್ಲೀಪ್‌ಲೆಸ್ – ನಿದ್ದಿ ಇಲ್ಲದ. ಉದಾ: ಅದೇ ಗಂಡ.
ಶೇಮ್‌ಲೆಸ್ – ನಾಚಿಕಿ ಇಲ್ಲದ. ಉದಾ: ಅಕಿ ಸೀರಿ ಹೊಚಗೊಂಡು ಮಲಗಾಂವ.
ಎಂಡ್‌ಲೆಸ್ – ಕೊನಿ ಇಲ್ಲದ. ಉದಾ: ಅಕಿ ಇಲ್ಲದ ವಾರ.

“ಜುಲ್ಫಿಕರ! ಬರಿಯೂ ಮುಂದ ಓದಬಾರದೇನೋ?”

“ನಾ ಬರಿಯಾಂವ್ರಿ ಸರ, ಓದಾಂವ ಅಲ್ಲ. ಸ್ಪೆಲಿಂಗ್ ಏನರ ತಪ್ಪೇತೇನ್ರಿ?”

ಬಿಸಿಯೂಟದ ರಾಮವ್ವ ಬಾಯಿಗೆ ಸೆರಗು ಹಿಡಿದಳು. “ಗುರುಗಳ, ಒಂದು ಮಾತು ಹೇಳಿದ್ರ ದಿಂಬಿನ ಕವರ್ ನಾನ ಹಾಕಿ ಕೊಡ್ತಿದ್ನೆಲ್ರಿ!”

ಮುಖ್ಯಗುರು ಸುವರ್ಣಾ ಮೇಡಂ ನಗು ನುಂಗಿಕೊಂಡು ಗುಡುಗಿದರು. “ಮಧ್ಯಾಹ್ನದೊಳಗ ಅಳಸ್ರಿ!”

ಮಾಸ್ತರರಿಗೆ ಬೇರೆಯದೇ ಚಿಂತೆ. ಇದು ಭುವನೇಶ್ವರಿಯ ಕಿವಿಗೆ ಬಿದ್ದರೆ? ಮನೆಯ ಮಾತನ್ನು ಬೀದಿಗಿಟ್ಟ ಗಂಡನ ಮುಖವನ್ನು ಆಕೆ ಮತ್ತೆ ನೋಡುವಳೇ? ತಿಂಗಳು ಹೋಗಿ ಕಾಯಂ ಆದೀತು! ತಾವೇ ಸುಣ್ಣದ ಬಕೆಟ್ ಹಿಡಿದು ಬಳಿದರು. ಗೋಡೆ ಎಷ್ಟು ಬೆಳ್ಳಗಾಯಿತೋ ಮಾಸ್ತರರೂ ಅಷ್ಟೇ ಬೆಳ್ಳಗಾದರು.

ಕೊನೆಯ ಅಕ್ಷರ ಮುಚ್ಚುತ್ತಿರುವಾಗ ಸಿಂದಗಿ ಬಸ್ಸು ನಿಂತಿತು. ಚೀಲ ಹಿಡಿದು ಭುವನೇಶ್ವರಿ ಇಳಿದಳು.

“ಗೋಡಿ ಎಲ್ಲಿ?”

“ಯಾ... ಯಾವ ಗೋಡಿ?”

“ಫೋಟೋ ತಾಳಿಕೋಟಿ ದಾಟಿ ನಮ್ಮ ಸ್ಟಾಫ್ ರೂಮಿಗೆ ಬಂದೇತಿ. ಖರೇ ಐತೋ ಸುಳ್ಳೋ ನೋಡೂಣಂತ ಬಸ್ ಬದ್ಲಿ ಮಾಡಿಕೋತ ಬಂದ್ರ, ಅಳಿಸಿ ಕುಂತೀರಿ!” ಆಕೆಯ ಕಣ್ಣು ತುಂಬಿತು. “ಹೋಗ್ಲಿ, ಬಾಯಾಗ ಹೇಳ್ರಿ.”

ಹನ್ನೆರಡು ವರ್ಷ ಪಾಠ ಹೇಳಿದ ಬಾಯಿ ತೆರೆಯಿತು, ಮುಚ್ಚಿತು. “ಚಾ... ಕುಡೀತಿ?” ಎಂದಿತು.

ಮಾಡಿದವಳು ಆಕೆಯೇ. ಭಾನುವಾರ ಹೇಗೆ ಹೋಯಿತೋ ತಿಳಿಯಲಿಲ್ಲ, ಆ ಮಾತು ಮಾತ್ರ ಇವರ ಗಂಟಲು ದಾಟಲೇ ಇಲ್ಲ.

ಸೋಮವಾರ ಬೆಳಿಗ್ಗೆ ಶಾಲೆಯೆದುರಿನ ಸ್ಟಾಪಿನಲ್ಲಿ ನಿಂತಾಗ ಆಕೆ ಹಣೆ ಬಡಿದುಕೊಂಡಳು. “ಬುತ್ತಿ ಮರತೇನಿ, ಓಡ್ರಿ!” ಮಾಸ್ತರರು ಓಡಿದರು. ತಿರುಗಿ ಬರುವಷ್ಟರಲ್ಲಿ ಬಸ್ಸು ಗುರುಗುಡುತ್ತಿತ್ತು. ಕಿಟಕಿಯಿಂದ ಬುತ್ತಿ ಇಸಿದುಕೊಂಡ ಬೆರಳಿಗೆ ನೀಲಿ ಬಣ್ಣ ಮೆತ್ತಿತ್ತು. ಏನೆಂದು ಕೇಳುವ ಮುಂಚೆ ಬಸ್ಸು ಹೊರಟಿತು. ಧೂಳು ಅಡಗುವವರೆಗೂ ಇವರು ಅಲ್ಲೇ ನಿಂತಿದ್ದರು.

ಗಂಟೆ ಬಾರಿಸಿದಾಗ ಮಕ್ಕಳು ಮತ್ತೆ ಗೋಡೆಯ ಮುಂದೆ ಸೇರಿದ್ದರು. ಜುಲ್ಫಿಕರ ಬಿಟ್ಟುಹೋದ ಡಬ್ಬಿಯ ಮುಚ್ಚಳ ತೆಗೆದಿತ್ತು. ಬಿಳಿ ಗೋಡೆಯ ಮೇಲೆ ಒಂದೇ ಒಂದು ಸಾಲು, ಇನ್ನೂ ಹಸಿ:

ಕೇರ್‌ಲೆಸ್ – ಲಕ್ಷ್ಯ ಇಲ್ಲದ. ಉದಾ: ಒಬ್ಬಾಕೇ ಇದ್ರೂ ದಿನಾ ಇಬ್ಬರಿಗಾಗುವಷ್ಟು ರೊಟ್ಟಿ ಬಡಿಯಾಕಿ.

ಮಾಸ್ತರರು ಮತ್ತೆ ಬಕೆಟ್ಟಿಗೆ ಕೈ ಹಾಕಿದರು. ಸುವರ್ಣಾ ಮೇಡಂ ತಡೆದರು. “ಇದನ್ನ ಮುಟ್ಟಬ್ಯಾಡ್ರಿ, ಇರ್ಲಿ. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ್ರಿ, ಕಡೀಕ ಗಣಿತದ ಟೀಚರ ಬಂದು ನಿಮಗ ಕಲಿಸಬೇಕಾತು!”

ಪರಸಪ್ಪ ಮಾಸ್ತರರು ಮಕ್ಕಳ ಸಾಲಿನ ಕೊನೆಗೆ ಹೋಗಿ ನಿಂತು, ಅವರ ಜೊತೆ ತಾವೂ ಗಟ್ಟಿಯಾಗಿ ಮೂರು ಸಲ ಓದಿದರು.