ಹಗೇವಿನಲ್ಲಿ ಕುಳಿತ ಬರ್ಗಂಡಿ

ಜೀವಮಾನದಲ್ಲಿ ಒಂದು ಹನಿ ಮದ್ಯ ಬಾಯಿಗೆ ಹಾಕದ ನಾನು ಈಗ ಕೆಲವು ತಿಂಗಳಿಂದ ಅದರ ದೆಸೆಯಿಂದಲೇ ನೆಮ್ಮದಿ ಕೆಡಿಸಿಕೊಂಡಿದ್ದೇನೆ ಎಂದರೆ ನೀವು ನಂಬಲಿಕ್ಕಿಲ್ಲ. ಕುಡಿದು ಏರಿದ್ದು ಬೆಳಗಾಗುವಷ್ಟರಲ್ಲಿ ಇಳಿಯುತ್ತದಂತೆ. ಕುಡಿಯದೆ ಏರಿದ್ದು ಇಳಿಯುವುದಿಲ್ಲ. ನನಗೆ ಏರಿರುವುದು ಹೊಟ್ಟೆಕಿಚ್ಚು. ಈ ಹೊಟ್ಟೆಕಿಚ್ಚಿಗೂ ಒಂದು ರೀತಿ ನೀತಿ ಉಂಟು, ಅದು ದೂರದವರ ತಂಟೆಗೆ ಹೋಗುವುದಿಲ್ಲ. ಸ್ವಂತ ವಿಮಾನ ಇಟ್ಟುಕೊಂಡವರ ಸುದ್ದಿ ಓದಿ ನಾನು ತಣ್ಣಗೆ ಪೇಪರು ಮಡಚಿಡುತ್ತೇನೆ. ಆದರೆ ಹೆಂಡತಿಯ ತಂಗಿಯ ಗಂಡ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದರೆ ಸಾಕು, ನನಗೆ ಊಟ ರುಚಿಸುವುದಿಲ್ಲ. ಷಡ್ಡಕ ಎಂಬ ಸಂಬಂಧವನ್ನು ದೇವರು ಇದಕ್ಕೆಂದೇ ಮಾಡಿರಬೇಕು. ಅಣ್ಣತಮ್ಮನಾದರೆ ಜಗಳ ಆಡಿ ಬೇರೆಯಾಗಬಹುದು, ಗೆಳೆಯನಾದರೆ ಮಾತು ಬಿಡಬಹುದು. ಷಡ್ಡಕನ ಜೊತೆ ಮಾತ್ರ ಒಂದೇ ಪಂಕ್ತಿಯಲ್ಲಿ ಕುಳಿತು ಹೋಳಿಗೆ ತಿನ್ನುತ್ತ, ಅವನ ತಾಟಿಗೆ ತುಪ್ಪ ಎಷ್ಟು ಬಿತ್ತು ಎಂದು ಓರೆಗಣ್ಣಿನಿಂದ ನೋಡುತ್ತಿರಬೇಕು.

ನನ್ನ ಷಡ್ಡಕ ಮಹಾಂತೇಶ ಇಳಕಲ್ಲಿನಲ್ಲಿ ಗ್ರಾನೈಟ್ ವ್ಯಾಪಾರಿ. ಅಲ್ಲಿನ ಕೆಂಪು ಕಲ್ಲನ್ನು ಫ್ರಾನ್ಸಿನವರೆಗೂ ಕಳಿಸುತ್ತಾನೆ. ನಾನು ಬಾಗಲಕೋಟೆಯ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವನು. ನನ್ನ ಸರಕು ತರಗತಿಯ ಹಿಂದಿನ ಬೆಂಚಿನವರೆಗೂ ಮುಟ್ಟುವುದಿಲ್ಲ. ಆದರೂ ಹುನಗುಂದದ ಮಾವನ ಮನೆಯಲ್ಲಿ ಹಿರೇ ಅಳಿಯ ನಾನು. ಪಡಸಾಲೆಯಲ್ಲಿ ಮಾವನ ಪಕ್ಕದ ಲೋಡುದಿಂಬು ನನಗೆ ಮೀಸಲು. ಮನೆಗೆ ಸುಣ್ಣ ಹಚ್ಚುವುದಿರಲಿ, ಎಮ್ಮೆ ಮಾರುವುದಿರಲಿ, "ಮಾಸ್ತರ, ನೀವೇನಂತೀರಿ?" ಎಂದು ಮಾವ ಮೊದಲು ನನ್ನ ಕಡೆಗೇ ತಿರುಗುತ್ತಿದ್ದರು. ಲೆಕ್ಚರರನ್ನು ಮಾಸ್ತರ ಎನ್ನುವುದು ಸ್ವಲ್ಪ ಚುಚ್ಚುತ್ತಿತ್ತಾದರೂ ಆ ಒಂದು ಪ್ರಶ್ನೆಯ ಮೇಲೆಯೇ ನಾನು ಇಷ್ಟು ವರ್ಷ ಷಡ್ಡಕನ ಕಾರು, ಬಂಗಲೆ, ಫ್ರಾನ್ಸು ಎಲ್ಲವನ್ನೂ ಸಹಿಸಿಕೊಂಡು ಬಂದಿದ್ದೆ. ಆ ಪ್ರಶ್ನೆಯನ್ನೇ ಮಹಾಂತೇಶ ಕಸಿದುಕೊಂಡ.

ಒಂದು ಭಾನುವಾರ ಎಂದಿನಂತೆ ಅಮೀನಗಡದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡು ಹುನಗುಂದಕ್ಕೆ ಹೋದರೆ, ನನ್ನ ಲೋಡಿಗೆ ಒರಗಿ ಮಹಾಂತೇಶ ಕುಳಿತಿದ್ದಾನೆ. ಮಾವ ಅವನ ಫೋನಿನೊಳಗೆ ಮುಖ ಹಾಕಿದ್ದಾರೆ. ಕರದಂಟನ್ನು ಯಾರೋ ನನ್ನ ಕೈಯಿಂದ ತೆಗೆದುಕೊಂಡು ಒಳಗೆ ಒಯ್ದರು, ಯಾರು ಎಂದು ನೋಡುವ ಮನಸ್ಸೂ ಆಗಲಿಲ್ಲ. ವಿಷಯ ಇಷ್ಟು. ಫ್ರಾನ್ಸಿನಲ್ಲಿ ಬರ್ಗಂಡಿ ಎಂಬ ಸೀಮೆ ಇದೆ. ಅಲ್ಲಿನ ಕೆಂಪು ವೈನನ್ನು ನೆಲಮಾಳಿಗೆಯಲ್ಲಿ ಹತ್ತು ಹದಿನೈದು ವರ್ಷ ಇಟ್ಟು ಹದ ಮಾಡುತ್ತಾರೆ. ಕಲ್ಲು ಕೊಳ್ಳುವ ಅಲ್ಲಿನ ಸಾಹೇಬನಿಗೆ ಇವನ ಮೇಲೆ ಪ್ರೀತಿ ಹುಟ್ಟಿ, "ನಿನಗೆ ಬೇಕಾದ್ದನ್ನು ಆರಿಸು, ಒಂದು ಪೆಟ್ಟಿಗೆ ಕಳಿಸುತ್ತೇನೆ" ಎಂದು ಫೋನಿಗೆ ಬಾಟಲಿಗಳ ಚಿತ್ರ ಕಳಿಸಿದ್ದಾನೆ. ಇಳಕಲ್ಲಿನ ಬಂಗಲೆಯಲ್ಲಿ ಎಲ್ಲ ಇದೆ, ನೆಲಮಾಳಿಗೆ ಇಲ್ಲ. ಮಾವನ ಹಿತ್ತಲಲ್ಲಿ ಹಗೇವು ಇದೆ.

ಹಗೇವು ಎಂದರೆ ನೆಲದೊಳಗಿನ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಗಡಿಗೆಯ ಹಾಗೆ ಅಗಲ, ಮೇಲೊಂದು ಚಪ್ಪಡಿ. ಚೀಲಗಳ ಕಾಲ ಬಂದಮೇಲೆ ಅದು ಖಾಲಿ ಬಿದ್ದು, ಅದರ ಮುಂದೆ ಹಾಯುವಾಗಲೆಲ್ಲ ಮಾವ ನಿಟ್ಟುಸಿರು ಬಿಡುತ್ತಿದ್ದರು.

"ಮಾಂತೇಶಪ್ಪ, ಅದು ಶೆರೆನ ಅಲ್ಲೇನ್ರಿ?" ಎಂದು ಕೇಳಿದರಂತೆ ಮಾವ.

"ಶೆರೆ ಖರೇನರಿ ಮಾವಾರ. ಆದರ ಕುಡಿಯೂ ಶೆರೆ ಅಲ್ಲ, ಇಡೂ ಶೆರೆ."

ದಿನಾ ಲಿಂಗಪೂಜೆ ಇಲ್ಲದೆ ನೀರು ಮುಟ್ಟದ ಮಾವನಿಗೆ ಈ ತರ್ಕ ಹಿಡಿಸಿಬಿಟ್ಟಿತ್ತು. ಇಷ್ಟು ವರ್ಷ ಅವರಿಗೆ ಬೇಕಾಗಿದ್ದದ್ದು ಹಗೇವು ತುಂಬಿಸುವ ಅಳಿಯ. ನಾನು ತಂದದ್ದು ಕರದಂಟು.

ಮಹಾಂತೇಶ ನನಗೆ ಅನ್ಯಾಯ ಮಾಡಿದ ಎನ್ನುವಂತೆಯೂ ಇಲ್ಲ. "ಅಣ್ಣಾರ, ನೀವು ಓದಿದವರು. ಯಾವು ಬಾಳಿಕಿ ಬರ್ತಾವ ನೋಡಿ ಹೇಳ್ರಿ" ಎಂದು ಚಿತ್ರಗಳನ್ನು ನನಗೂ ಕಳಿಸಿದ. ನಾನು ವಾರವಿಡೀ ಓದಿದೆ. ಬರ್ಗಂಡಿಯಲ್ಲಿ ಕಂಪನಿಯ ಹೆಸರಿಗಿಂತ ಊರಿನ ಹೆಸರು ದೊಡ್ಡದು, ಊರಿನ ಹೆಸರಿಗಿಂತ ಹೊಲದ ಹೆಸರು ದೊಡ್ಡದು. ದ್ರಾಕ್ಷಿಯ ತಳಿ ಒಂದೇ, ಗುಡ್ಡದ ಇಳಿಜಾರೂ ಒಂದೇ. ಆದರೂ ಬದುವಿನ ಈಚೆಯದು ಪಟ್ಟದ ರಾಣಿ, ಆಚೆಯದು ಬರೇ ನೆಂಟರ ಹುಡುಗಿ. ಇನ್ನೊಂದು ಸಂಗತಿ ನನಗೆ ಭಾರೀ ಸಮಾಧಾನ ಕೊಟ್ಟಿತು: ಎಳೆಯದಿರುವಾಗಲೇ ಬಾಯಿಗೆ ಹಿತವಾದದ್ದು ಬೇಗ ಮುದಿಯಾಗುತ್ತದೆ, ಹುಳಿಯೂ ಒಗರೂ ಇದ್ದದ್ದು ದೀರ್ಘಕಾಲ ಬಾಳುತ್ತದೆ. ಇದನ್ನು ಹೆಂಡತಿ ಗಿರಿಜಾಗೆ ಓದಿ ಹೇಳಿದೆ. "ಹಂಗಾರ ನೀವು ನೂರು ವರ್ಷ ಬಾಳ್ತೀರಿ ಬಿಡ್ರಿ" ಎಂದು ರೊಟ್ಟಿ ಬಡಿಯುತ್ತಲೇ ಹೇಳಿದಳು.

ಮುಂದಿನ ಭಾನುವಾರ ನಾನು ಆರಿಸಿದ ಮೂರು ವೈನುಗಳ ಚಿತ್ರ ಮಾವನ ಮುಂದೆ ಹಿಡಿದೆ. ಆಮೇಲೆ ನಡೆದದ್ದನ್ನು ಹೆಣ್ಣು ನೋಡುವ ಶಾಸ್ತ್ರ ಎನ್ನಬೇಕು. ಊರು ಯಾವುದು, ಹೊಲ ಗುಡ್ಡದ ಮೇಲೋ ಕೆಳಗೋ, ನೀರು ನಿಲ್ಲುತ್ತದೆಯೋ, ಆ ವರ್ಷ ಮಳೆ ಹೇಗಿತ್ತು, ಮನೆತನ ಎಂಥದ್ದು, ಅಣ್ಣತಮ್ಮಂದಿರು ಕೂಡಿದ್ದಾರೋ ಇಲ್ಲವೋ! ಒಂದೊಂದು ಹೊಲವೂ ಮಕ್ಕಳು ಮೊಮ್ಮಕ್ಕಳಲ್ಲಿ ಹಂಚಿಹೋಗಿ ಒಬ್ಬೊಬ್ಬನಿಗೆ ನಾಲ್ಕು ಸಾಲು ಬಳ್ಳಿ ಉಳಿದಿದೆ ಎಂದಾಗ ಮಾವ ಬಹಳ ಖುಷಿಪಟ್ಟು, "ಅಲ್ಲೂ ಪಾಲಾಗ್ಯಾವು ಅಂದ್ರ ನಮ್ಮಂಥಾ ಮಂದೀನ ಅನ್ರಿ" ಎಂದರು. ನಾನು ಆರಿಸಿದ ಮೊದಲನೆಯದು ಕೋರ್ಟು ಹತ್ತಿದ ಮನೆತನದ್ದೆಂದು ತಿಳಿದ ಕೂಡಲೇ ಬಿತ್ತು. "ಜಗಳಗಂಟರ ಮನೀದು ಬ್ಯಾಡ್ರಿ ಮಾಸ್ತರ, ಒಳಗ ಕುಂತು ಕೆಡತೈತಿ." ಎರಡನೆಯದರ ಬಣ್ಣ ತೆಳು ಎಂದು ಬಿಟ್ಟರು. ಮೂರನೆಯದನ್ನು ಏಕೆ ಬಿಟ್ಟರೋ ಹೇಳಲೂ ಇಲ್ಲ. ಕೊನೆಗೆ ಒಪ್ಪಿದ್ದು ಮಹಾಂತೇಶ ತೋರಿಸಿದ್ದನ್ನು. ನನಗೆ ಉರಿದದ್ದು ಅದಕ್ಕೂ ಅಲ್ಲ. ಇದೇ ಮಾವ ನನ್ನನ್ನು ವರ ಎಂದು ನೋಡಲು ಬಂದಾಗ ಕೇಳಿದ್ದು ಎರಡೇ ಪ್ರಶ್ನೆ: ನೌಕರಿ ಖಾಯಂ ಐತೇನು, ತಂಬಾಕ ತಿಂತೀರೇನು. ಮಗಳನ್ನು ಕೊಡುವಾಗ ಇಲ್ಲದ ಮುತುವರ್ಜಿ ಬಾಟಲಿಗೆ! ಷಡ್ಡಕನ ಮೇಲಿದ್ದ ಹೊಟ್ಟೆಕಿಚ್ಚು ಅಂದಿನಿಂದ ವೈನಿನ ಮೇಲೂ ಹೊರಳಿತು.

ಆಮೇಲೆ ನಾನು ಸುಮ್ಮನಿರಲಿಲ್ಲ. ಹಗೇವು ನಮಗೆ ತಂಪು, ಬರ್ಗಂಡಿಗೆ ಅದು ಬೇಸಿಗೆ ಎಂದೆ. ಪೆಟ್ಟಿಗೆ ದಾರಿಯಲ್ಲಿ ಕುಲುಕಾಡಿ ಕೆಟ್ಟಿರುತ್ತದೆ ಎಂದೆ. ಬಾಟಲಿಯ ಮೇಲಿನ ಚೀಟಿ ನಕಲಿ ಇರಬಹುದು ಎಂದೆ. ಸಾಹೇಬನೇ ನಕಲಿ ಇರಬಹುದು ಎಂದೆ. ಪ್ರತಿಸಲವೂ ಮಾವ "ಹೂಂ" ಎಂದು ಎಲೆ ಅಡಿಕೆಯ ತಟ್ಟೆಯನ್ನು ಮಹಾಂತೇಶನ ಕಡೆ ಸರಿಸುತ್ತಿದ್ದರು.

ಪೆಟ್ಟಿಗೆ ಬಂತು. ಒಳ್ಳೆಯ ದಿನ ನೋಡಿ ಹಗೇವು ತೆರೆದರು. ಕೆಟ್ಟ ಗಾಳಿ ಇದ್ದೀತೆಂದು ಮೊದಲು ಕಂದೀಲು ಇಳಿಬಿಟ್ಟು, ಅದು ಆರದೆ ಮೇಲೆ ಬಂದಮೇಲೆ ಮಹಾಂತೇಶ ಒಳಗಿಳಿದ. ತಳಕ್ಕೆ ಜೋಳದ ಒಣದಂಟಿನ ಕಣಿಕೆ, ಅದರ ಮೇಲೆ ಬೇವಿನ ಸೊಪ್ಪು ಹಾಸಿದ್ದರು. ಮಾವ ಮೇಲಿನಿಂದ ಒಂದೊಂದೇ ಬಾಟಲಿ ಹಗ್ಗದಲ್ಲಿ ಇಳಿಸುತ್ತ, "ನೆಟ್ಟಗ ಕೂಡಸ್ರಿ, ಒರಗೂದು ಬ್ಯಾಡ" ಎನ್ನುತ್ತಿದ್ದರು. ನಾನು ಬಗ್ಗಿ ನೋಡಿ ಹೌಹಾರಿದೆ. ಓದಿದ್ದರಲ್ಲಿ ಮೊದಲ ಪಾಠವೇ ಅದು: ಬಾಟಲಿಯನ್ನು ಅಡ್ಡ ಮಲಗಿಸಬೇಕು. ವೈನು ತಾಗುತ್ತಿದ್ದರೆ ಬೂಚು ಹಸಿಯಾಗಿರುತ್ತದೆ, ನಿಲ್ಲಿಸಿದರೆ ಒಣಗಿ ಗಾಳಿ ಒಳಗೆ ಹೋಗಿ ಎಲ್ಲ ಹುಳಿಯಾಗುತ್ತದೆ.

"ಮಲಗಿಸ್ರಿ! ಮಲಗಿಸ್ರಿ! ನಿಲ್ಲಿಸಿದ್ರ ಕೆಡತಾವು!" ಎಂದು ಕೂಗಿದೆ.

ಮಾವ ಹಗ್ಗ ಹಿಡಿದುಕೊಂಡೇ ತಿರುಗಿದರು. "ಮಾಸ್ತರ, ನಮ್ಮಲ್ಲಿ ಜೀವಾ ಹೋದವರನ್ನೂ ಕೂಡಿಸಿ ಮಣ್ಣು ಕೊಡ್ತೀವಿ. ಇನ್ನ ಬಾಳಿ ಬರಲಿ ಅಂತ ಇಡೂದನ್ನ ಮಲಗಸೂದೇನ್ರಿ? ಅಪಶಕುನ ಮಾತಾಡಬ್ಯಾಡ್ರಿ."

ಲಿಂಗಾಯತರ ಸಮಾಧಿಯ ಪದ್ಧತಿಯನ್ನು ಬರ್ಗಂಡಿಗೆ ಅನ್ವಯಿಸಿದ ಮೇಲೆ ಕೆಮಿಸ್ಟ್ರಿ ಏನು ಮಾಡೀತು? ಒಳಗಿನಿಂದ ಮಹಾಂತೇಶ, "ಮಾವಾರ, ಅಣ್ಣಾರು ಅನ್ನೂದು ಖರೆ ಇದ್ದರೂ ಇರಬಹುದರಿ" ಎಂದ. ಆಗ ಹಿಂಬಾಗಿಲಲ್ಲಿ ನಿಂತ ನನ್ನ ಧರ್ಮಪತ್ನಿ, "ಅವರ ಮಾತು ಮನಸಿಗೆ ಹಚ್ಚಿಕೊಬ್ಯಾಡ್ರಿ. ಆ ಬಾಟಲಿ ಹೆಸರು ಕೇಳಿದಾಗಿಂದ ಅವರಿಗೆ ಹೊಟ್ಟೆ ಉರಿಯಾಕತ್ತೈತಿ" ಎಂದಳು. ಎಲ್ಲರೂ ನಕ್ಕರು. ಇಷ್ಟು ದಿನ ನಾನು ಆಡಿದ್ದರಲ್ಲಿ ನಿಜವಾದ ಮಾತು ಮಲಗಿಸಿ ಎಂದದ್ದೊಂದೇ, ಅದನ್ನೇ ಯಾರೂ ನಂಬಲಿಲ್ಲ. ಚಪ್ಪಡಿ ಮುಚ್ಚಿ, ಸಂದಿಗೆ ಮಣ್ಣು ಮೆತ್ತಿ, ವಿಭೂತಿ ಹಚ್ಚಿದರು.

ಕೈ ತೊಳೆದುಕೊಂಡು ಬಂದ ಮಾವನಿಗೆ ನನ್ನ ಮುಖ ನೋಡಿ ಏನನ್ನಿಸಿತೋ, "ನಾ ಇರ್ತೀನೋ ಇಲ್ಲೋ. ಹಗೇವು ತಗಿಯೂ ದಿನ ಮೊದಲನೇ ಬಾಟಲಿ ಹಿರೇ ಅಳಿಯನ ಕೈಲೇನ ತಗಸ್ರಿ" ಎಂದು ಎಲ್ಲರೆದುರು ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಹೋದ ಲೋಡು ಮರಳಿ ಬಂದಿತ್ತು. ಬಸ್ಸಿನಲ್ಲಿ ಇದನ್ನೇ ಹೇಳಿ ಬೀಗುತ್ತಿದ್ದಾಗ ಗಿರಿಜಾ ಕೇಳಿದಳು: "ನೀವು ತಗದಾಗ ಕೆಟ್ಟಿತ್ತಂದ್ರ ಏನಂತಾರ ಗೊತ್ತೈತೇನು? ನಿಮ್ಮ ಕಣ್ಣು ಬಿತ್ತು ಅಂತಾರ."

ಅಂದಿನಿಂದ ನನಗೆ ನೆಮ್ಮದಿ ಇಲ್ಲ. ಕೆಡುತ್ತದೆ ಎಂದು ಊರಿಗೆಲ್ಲ ಸಾರಿದವನು ನಾನು, ಕೆಡದಿರಲಿ ಎಂದು ಬೇಡಿಕೊಳ್ಳಬೇಕಾದವನೂ ನಾನೇ. ಮೊನ್ನೆ ಕೂಡಲಸಂಗಮಕ್ಕೆ ಹೋದಾಗ ಸಂಗಮನಾಥನ ಮುಂದೆ ಕಣ್ಣು ಮುಚ್ಚಿ, ಷಡ್ಡಕನ ಬೂಚು ಒಣಗದಿರಲಿ ಎಂದು ಮನಸಾರೆ ಬೇಡಿದೆ. ದೇವರು ಯಾರ ಬಾಯಿಂದಲೂ ಇಂಥ ಬೇಡಿಕೆ ಕೇಳಿರಲಿಕ್ಕಿಲ್ಲ. ಇಷ್ಟು ಹೊತ್ತು ಏನು ಬೇಡಿಕೊಂಡಿರಿ ಎಂದು ಗಿರಿಜಾ ಕೇಳಿದ್ದಕ್ಕೆ, "ಮಹಾಂತೇಶಗ ಒಳ್ಳೇದಾಗಲಿ ಅಂತ" ಎಂದೆ. ಅದು ಸುಳ್ಳೂ ಅಲ್ಲ. ಅವಳು ಅಲ್ಲಿಂದಲೇ ತಂಗಿಗೆ ಫೋನು ಮಾಡಿ ಗದ್ಗದಿತಳಾಗಿ ಹೇಳಿದಳು. ತಂಗಿ ಗಂಡನಿಗೆ ಹೇಳಿದಳು. ಸಂಜೆ ಮಹಾಂತೇಶನೇ ಫೋನು ಮಾಡಿ, "ಅಣ್ಣಾರ, ನಿಮ್ಮ ಮನಸ್ಸು ಇಷ್ಟು ದೊಡ್ಡದಂತ ಗೊತ್ತಿರಲಿಲ್ಲರಿ. ಬರೂ ವರ್ಷ ನಿಮ್ಮ ಹೆಸರಿಲೆ ಒಂದು ಪೆಟ್ಟಿಗಿ ತರಸ್ತೇನಿ. ನೀವು ಆರಿಸಿದ್ದ ಮೂರೂ ಅದರಾಗ ಇರ್ತಾವು" ಎಂದ. ಇಷ್ಟು ಒಳ್ಳೆಯ ಮನುಷ್ಯನ ಮೇಲೆ ಇನ್ನು ಹೊಟ್ಟೆಕಿಚ್ಚು ಪಡುವುದು ಸಾಧ್ಯವೇ ಎಂದುಕೊಂಡು ಫೋನು ಕೆಳಗಿಟ್ಟೆ. ಇಟ್ಟಮೇಲೆ ಹೊಳೆಯಿತು: ಹಳೆಯದಾದಷ್ಟೂ ಹದವಾಗುವ ವಸ್ತು ಇದು, ನಾನು ಏನೇ ಮಾಡಿದರೂ ಅವನ ಪೆಟ್ಟಿಗೆ ನನ್ನದಕ್ಕಿಂತ ಯಾವಾಗಲೂ ಒಂದು ವರ್ಷ ಹಳೆಯದಾಗಿಯೇ ಇರುತ್ತದಲ್ಲ!