ವೈನಿಯ ಶಿವನ ಎಡಗಣ್ಣು

ನಮ್ಮ ವೈನಿಯ ಕೈಗೆ ಸಿಕ್ಕು ಸುರಕ್ಷಿತವಾಗಿ ಪಾರಾದ ದೇವರು ಮೂವತ್ಮೂರು ಕೋಟಿಯಲ್ಲಿ ಒಬ್ಬನೂ ಇಲ್ಲ!

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅಣ್ಣ ತೀರಿಕೊಂಡ ಮೇಲೆ, ನಾವಿರುವ ಕೂಕಟ್‌ಪಲ್ಲಿಯ ಫ್ಲ್ಯಾಟಿನ ಬಾಲ್ಕನಿಯನ್ನು ಒಮ್ಮೆ ಕೈಲಾಸ, ಒಮ್ಮೆ ಲಂಕೆ ಮಾಡಿಕೊಂಡು ಚಿತ್ರ ಬರೆಯಲು ಕೂತವರು. ಬರೀ ಬಣ್ಣ ಸಾಲದು. ಬಟ್ಟೆ, ಬಳೆಚೂರು, ಗುಂಡಿ, ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳುಕಡಿ, ಎಲ್ಲವೂ ಹಲಗೆಗೆ ಅಂಟಬೇಕು. ಅವರ ಮುಂದೆ ತುಸು ಹೊತ್ತು ಅಲುಗಾಡದೆ ಕೂತರೆ ನನ್ನನ್ನೂ ಅಂಟಿಸಿಬಿಡುತ್ತಾರೇನೋ ಎಂಬ ಭಯ ನನಗಿತ್ತು.

ಮೊದಲು ಸಿಕ್ಕಿಬಿದ್ದವನು ಹನುಮಂತ. ಸಂಜೀವಿನಿ ಬೆಟ್ಟ ಒರಟಾಗಿ ಕಾಣಲೆಂದು ಅಂಟು ಬಳಿದು ಮೆಂತ್ಯ ಕಾಳು ಉದುರಿಸಿದರು. ಮಳೆಗಾಲ, ಬಾಲ್ಕನಿಗೆ ಎರಚಲು ಹೊಡೆಯಿತು. ವಾರದೊಳಗೆ ಬೆಟ್ಟ ಚಿಗುರಿತು! ವೈನಿ ಆ ಸೊಪ್ಪು ಕತ್ತರಿಸಿ ಬೇಳೆಗೆ ಹಾಕಲು ಹೊರಟಾಗ, ಅಂಟು ಹೊಟ್ಟೆಗೆ ಹೋಗುತ್ತದೆಂದು ನಾನೇ ತಡೆದೆ. ಕಾಳು ಹುರಿದು ಹಚ್ಚಬೇಕಿತ್ತು, ಈಗ ಗೊತ್ತಾಯಿತು ಎಂದರು. ಚಿಗುರನ್ನು ಮಾತ್ರ ಕೀಳಲಿಲ್ಲ.

ಆಮೇಲೆ ದ್ರೌಪದಿ. ಅವಳಿಗೆ ಅಂಟಿಸಿದ್ದು ನೀರು ಕಾಣದ ಕೋರಾ ಬಟ್ಟೆಯ ಸೀರೆ. ಅದು ಅಂಟು ಕುಡಿದು, ಒಣಗುತ್ತಾ ಮುದುಡಿ, ಮೊಣಕಾಲಿಗೇರಿತು. ದುಶ್ಶಾಸನನನ್ನು ಇನ್ನೂ ಬರೆದೇ ಇರಲಿಲ್ಲ! ವೈನಿ ತಮ್ಮ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಕೆಳಗೆ ಜೋಡಿಸಿದರು.

“ಕೃಷ್ಣ ಬರೂತನಕ ಕಾಯ್ಕೋತ ಕೂಡ್ಲೇನು?” ಎಂದರು.

ತಪ್ಪನ್ನು ಅಳಿಸಬಾರದು, ಅದರ ಮೇಲೇ ಮುಂದುವರಿಯಬೇಕು. ಇದು ಅವರ ಶಾಸ್ತ್ರ. ಕಣ್ಣೆದುರಿಗೆ ಇದ್ದರೆ ಇನ್ನೊಮ್ಮೆ ಮಾಡುವುದಿಲ್ಲವಂತೆ. ನನಗೆ ಇದು ಜೀರ್ಣವಾಗುವುದಾದರೂ ಹೇಗೆ? ನಾನು ಓದಿದ್ದು ಹತ್ತನೇ ತರಗತಿ, ದುಡಿದದ್ದು ಜೀಡಿಮೆಟ್ಲಾದ ಕಾರ್ಖಾನೆಯಲ್ಲಿ, ಮಾಲು ತಪಾಸಣೆ ಮಾಡುತ್ತ. ಅಳತೆ ತಪ್ಪಿದ್ದನ್ನು ಕಂಡರೆ ಈಗಲೂ ಕೈ ತುರಿಸುತ್ತದೆ.

ಕಳೆದ ವರ್ಷ ವೈನಿ ಶಿವನನ್ನು ಹಿಡಿದರು. ತಾಮ್ರದ ತಂತಿಯ ಜಡೆ, ಮೈಗೆ ನಿಜವಾದ ವಿಭೂತಿ. ಶಿವ ಚೆನ್ನಾಗಿಯೇ ಬಂದಿದ್ದ. ಮೂರನೆಯ ಕಣ್ಣು ಮುಚ್ಚಿತ್ತು, ಬಲಗಣ್ಣು ತೆರೆದಿತ್ತು. ಎಡಗಣ್ಣು ಮಾತ್ರ ಯಾವುದೂ ತೀರ್ಮಾನವಾಗದೆ ಅರ್ಧಕ್ಕೇ ನಿಂತಿತ್ತು! ಏನನ್ನೂ ಅಳಿಸದ ವೈನಿ ಆ ಒಂದು ರೆಪ್ಪೆಯನ್ನು ಅಳಿಸಿ ಅಳಿಸಿ ಬರೆಯುತ್ತಿದ್ದರು. ಪಾಪ, ಸೋತಿದ್ದಾರೆ ಎಂದುಕೊಂಡೆ.

ಅವರು ರೈತು ಬಜಾರಿಗೆ ಹೋದ ಹೊತ್ತು ನೋಡಿ ಕೈವಾರ ತೆಗೆದೆ. ಬಲಗಣ್ಣನ್ನು ಅಳೆದು, ಎಡಗಣ್ಣಿನ ರೆಪ್ಪೆಯನ್ನು ಅದರ ಸಮಕ್ಕೆ ಎತ್ತಿ, ಬಣ್ಣ ತುಂಬಿದೆ. ಹೊಗಳಿಕೆಗೆ ಕಾದು ಕೂತೆ.

ವೈನಿ ಬಂದರು. ತರಕಾರಿ ಚೀಲ ಕೈಯಲ್ಲಿ ಹಿಡಿದೇ ಶಿವನ ಮುಂದೆ ನಿಂತರು.

“ಸ್ಟುಡಿಯೋದವರೂ ಹಿಂಗ ಮಾಡಿದ್ರು” ಎಂದರು.

ಆಗ ಹೊಳೆಯಿತು. ಅಣ್ಣನ ಎಡರೆಪ್ಪೆ ಯಾವಾಗಲೂ ಅರ್ಧ ಇಳಿದಿರುತ್ತಿತ್ತು. ಮದುವೆಯ ಫೋಟೋದಿಂದ ಹಿಡಿದು ಗೋಡೆಯ ಮೇಲೆ ಹಾರ ಹಾಕಿಸಿಕೊಂಡಿರುವ ಫೋಟೋದವರೆಗೆ, ಎಲ್ಲದರಲ್ಲೂ ಸ್ಟುಡಿಯೋದವರು ಅದನ್ನು ತಿದ್ದಿ ಕೊಟ್ಟಿದ್ದರು. ಆ ಕಣ್ಣು ಉಳಿದಿದ್ದು ವೈನಿಯ ನೆನಪಿನಲ್ಲಷ್ಟೇ. ಅಲ್ಲಿಯೂ ಮಸುಕಾಗುತ್ತಿದೆಯೆಂದೇ ಬರೆದಿಟ್ಟುಕೊಳ್ಳಲು ಹೊರಟಿದ್ದರು. ಒಡಹುಟ್ಟಿದ ನಾನು ಅದನ್ನು ಗುರುತಿಸಲಿಲ್ಲ.

“ತಪ್ಪಾತ್ರಿ ವೈನಿ” ಎಂದೆ. ತಲೆ ಎತ್ತಲಾಗಲಿಲ್ಲ.

ಅವರು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

“ತಮ್ಮಾ, ಈಗೀಗ ನಿನ್ನ ಎಡಗಣ್ಣೂ ಇಳ್ಯಾಕತ್ತೈತಿ ನೋಡು.”

ಕುರ್ಚಿ ಎಳೆದು ನನ್ನನ್ನು ಬಾಲ್ಕನಿಯ ಬೆಳಕಿನಲ್ಲಿ ಕೂಡಿಸಿದರು. ಕುಂಚ ತೊಳೆದುಕೊಂಡರು.

“ಅಲುಗಾಡಬ್ಯಾಡ.”

ಕಣ್ಣು ತುಂಬಿ ಬಂದಿತ್ತು. ಒರೆಸಿಕೊಳ್ಳಲು ನಾನು ಕೈ ಎತ್ತಲಿಲ್ಲ.