ಮಗ್ಗದ ಕಾಕಾನ ಬಿಗಿ ಬೋಲ್ಟು

ಕುಳಗೇರಿ ಕ್ರಾಸಿನ್ಯಾಗ ಗ್ಯಾರೇಜ್ ಇಟ್ಟವರಿಗೆ ನಗೂ ಪ್ರಸಂಗ ಹುಡಿಕ್ಕೊಂಡು ಹೋಗೂ ಕೆಲಸಿಲ್ಲ. ಅವ ಹೊಗಿ ಬಿಟ್ಕೋತ ಬಂದು ಬಾಗಲದಾಗ ನಿಂದರ್ತಾವ. ಭಾಳಷ್ಟು ಮರ್ತು ಹೋಗ್ಯಾವ. ಇಳಕಲ್ಲಿನ ಮಗ್ಗದ ಕಾಕಾಂದು ಮಾತ್ರ ಮರೀಲಿಕ್ಕೆ ಆಗವಲ್ದು.

೧. ಮಲಗೂ ಕೆಲಸ

ಮೊದಲ ನನ್ನ ಬಗ್ಗೆ ಹೇಳಿಬಿಡ್ತೇನಿ. ನಮ್ಮ ಧಂದೆದಾಗ, ಹಟಾ ಹಿಡದ ಬೋಲ್ಟಿನ ಜೋಡಿ ಜಗಳಾ ಮಾಡಬಾರದು. ಎಣ್ಣಿ ಬಿಡಬೇಕು, ಕಾಯಬೇಕು. ಜೋರ ಮಾಡಿದ್ರ ಬೋಲ್ಟಿನ ತಲಿ ಮುರದು ಕೈಯಾಗ ಬರತೈತಿ, ಉಳದದ್ದು ಇಂಜಿನ್ನಿನ ಹೊಟ್ಟ್ಯಾಗ ಉಳೀತೈತಿ. ಆಮ್ಯಾಲೆ ಇಂಜಿನ್ ಇಳಿಸೂದ ಗತಿ.

ಅದಕ್ಕ ನಾ ಎಣ್ಣಿ ಬಿಟ್ಟು, ಬೇವಿನ ಗಿಡದ ಕೆಳಗ ಇರೂ ಹಳೇ ಬಸ್ಸಿನ ಸೀಟಿನ ಮ್ಯಾಲೆ ಕುಂದರ್ತೇನಿ. ತಂಪು ಗಾಳಿ ಬೀಸ್ತೈತಿ, ದೂರದಾಗ ಒಂದು ಲಾರಿ ಹಾರ್ನ್ ಹೊಡೀತೈತಿ, ಕಣ್ಣು ತಾನ ಮುಚ್ತಾವ. ಕನಸಿನ್ಯಾಗ ಎಣ್ಣಿ ಒಂದೊಂದ ಸುತ್ತು ಒಳಗ ಇಳಿಯೂದು ಕಾಣತೈತಿ. ಇದು ಖರೆ, ಆದ್ರ ಯಾರೂ ನಂಬೂದಿಲ್ಲ.

ಒಂದಿನ ನಾ ಮಲಗಿದ್ದು ನೋಡಿ ಎಬ್ಬಸಾಕ ಬಂದ ಗಿರಾಕಿ ಬಾಜೂಕ ಕುಂತು ತಾನೂ ಮಲಗಿದ. ಅವನ್ನ ಕರಿಯಾಕ ಬಂದವನೂ ಮಲಗಿದ. ಬುತ್ತಿ ತಂದ ನನ್ನ ಹೆಂಡ್ತಿ ಸಾಲಕ್ಕ ಮಲಗಿದವರನ್ನ ನೋಡಿ, "ಇದೇನು ಗ್ಯಾರೇಜೋ, ದವಾಖಾನಿಯೋ?" ಅಂದ್ಲು.

೨. ದಿನಾ ಒಂದು ಸುತ್ತು

ಹಂಗ ತೂಕಡಿಸೂ ಹೊತ್ತಿನ್ಯಾಗ ಒಂದು ಮುಂಜಾನೆ ಬದಾಮಿ ಕಡಿಂದ ಒಂದು ಕಾರು ಉಗಿ ಬಿಟ್ಕೋತ ಬಂತು. ಓಡಸ್ತಿದ್ದವ್ರು ವಯಸ್ಸಾದ ಕಾಕಾ. ಬಾಜೂ ಸೀಟಿನ ಮ್ಯಾಲೆ ಒಂದು ಬಟ್ಟಿ ಗಂಟು. ಆ ಗಂಟಿಗೆ ಸೀಟ್ ಬೆಲ್ಟ್ ಹಾಕಿದ್ರು, ತಾವು ಹಾಕ್ಕೊಂಡಿರಲಿಲ್ಲ.

"ತಮ್ಮಾ, ಲಗೂ ಮಾಡೋ. ಇಲ್ಲೇ ಮುಂದಿನ ಊರಾಗ ನನ್ನ ಬಸುರಿ ಮಗಳ ಕುಬ್ಸ ಐತಿ ಇವತ್ತು. ಇದು ನಾನ ನೇದ ಹಸಿರು ಸೀರಿ. ಅವರವ್ವ ಇಲ್ಲ, ತವರ ಅಂದ್ರ ನಾ ಒಬ್ಬನ. ತವರಿನ ಸೀರಿ ಬರೂ ಮಟಾ ಕುಬ್ಸದ ಮಣಿ ಏರಿ ಕುಂದರೂದಿಲ್ಲ ಅಂದಾಳ."

"ಕಾರು ಇಲ್ಲೇ ಬಿಟ್ಟು ಬಸ್ ಹತ್ತಿ ಹೋಗ್ರಿ, ಕಾಕಾರ."

"ಕುಬ್ಸ ಮುಗದ ಮ್ಯಾಲೆ ಆಕಿನ್ನ ಬಾಣಂತನಕ್ಕ ಕರ್ಕೊಂಡು ಹೋಗೂದೂ ಇದರಾಗ. ತುಂಬಿದ ಬಸುರಿನ್ನ ಬಸ್ಸಿನ್ಯಾಗ ನಿಂದರಿಸ್ಲ್ಯಾ?"

ನನಗೂ ಚುರ್ ಅಂತು. ಬಾನೆಟ್ ತೆಗದು ನೋಡಿದ್ರ ವಾಟರ್ ಪಂಪ್ ಸೋರಾಕತ್ತಿತ್ತು. ಹೊಸಾದು ಹಾಕೂದು ದೊಡ್ಡ ಕೆಲಸಲ್ಲ. ಆದ್ರ ಬೋಲ್ಟ್ ಬಿಚ್ಚೂ ಪಾನಾ ಹಚ್ಚಿ ಎಷ್ಟು ಮುಕ್ಕರದ್ರೂ ಪಂಪಿನ ಒಂದು ಬೋಲ್ಟ್ ಜಪ್ಪಂದ್ರೂ ಅಲಗಲಿಲ್ಲ.

"ಯಾವ ಪುಣ್ಯಾತ್ಮ ಬಿಗಿ ಮಾಡ್ಯಾನ್ರಿ ಇದನ್ನ?"

"ನಾನ. ದಿನಾ ಮುಂಜಾನೆ ಮಾಡ್ತೇನಿ."

"ದಿನಾನ? ಯಾಕ್ರಿ?"

"ಮಗ್ಗಕ್ಕ ಹಂಗ ಮಾಡೂದು ತಮ್ಮಾ. ಪವರ್‌ಲೂಮ್ ಅದುರಿ ಅದುರಿ ಬೋಲ್ಟ್ ಸಡಿಲ ಆಗತಾವ. ಮುಂಜಾನೆ ಎದ್ದು ಒಂದು ಸುತ್ತು ನೋಡಲಿಲ್ಲಂದ್ರ ಸೀರಿ ಕೆಡತೈತಿ. ಪಾನಾ ಕೈಯಾಗ ಇರತೈತಿ, ಮಗ್ಗ ಮುಗಿಸಿ ಕಾರಿಗೂ ಒಂದು ಸುತ್ತು ಬಿಗಿತೇನಿ."

"ಕಾಕಾರ, ಕಾರು ಸೀರಿ ನೇಯೂದಿಲ್ರಿ!"

"ಅದುರೂದಂತೂ ಅದುರತೈತೋ ಇಲ್ಲೋ?"

೩. ಒಂದು ಕಪ್ ಚಾ

ಎಣ್ಣಿ ಬಿಟ್ನಿ. ಸೀಟಿನ ಮ್ಯಾಲೆ ಕುಂತ್ನಿ. ಕಾಕಾ ಗಿಡದ ಸುತ್ತ ತಿರಗಾಕತ್ರು.

"ಏಳೋ ತಮ್ಮಾ!"

"ಎಣ್ಣಿ ಕೆಲಸ ಮಾಡಾಕತ್ತೈತ್ರಿ."

"ಎಣ್ಣಿ ಮಾಡಾಕತ್ತೈತಿ, ನೀ ಏನ ಮಾಡಾಕತ್ತಿ?"

ನನಗ ಆಗಲೇ ಮಂಪರು. ಕನಸಿನ್ಯಾಗ ಒಂದು ಹಸಿರು ಸೀರಿ ಮುಗಿಲಗಲ ಹಾಸಿತ್ತು, ಯಾರೋ ಮ್ಯಾಲಿಂದ ಖಟಕ್ ಪಟಕ್ ನೇಯಾಕತ್ತಿದ್ರು. ಎದ್ದವನ ಪಾನಾದ ಹಿಡಿಕಿಗೆ ಉದ್ದನ್ನ ಪೈಪ್ ತೂರಿಸಿ ಮೆಲ್ಲಕ ಎಳದ್ನಿ. ಕಟ್ ಅಂತು! ಮುರೀತೋ ಏನೋ ಅಂತ ಬಗ್ಗಿ ನೋಡಿದ್ರ ಇಲ್ಲ, ಬೋಲ್ಟ್ ಚೂರು ತಿರುಗಿತ್ತು. ಶಿವ ಕಣ್ಣು ತೆರದ ಅಂದ್ಕೊಂಡು, ಖುಷಿಲೆ ಎದುರಿನ ಅಂಗಡಿಗೆ ಹೋಗಿ ಒಂದು ಕಪ್ ಚಾ ಕುಡುದು ಬಂದ್ನಿ.

ಬಂದು ನೋಡಿದ್ರ ಕಾಕಾ ತಮ್ಮ ಪಾನಾ ಬಗಲಾಗ ಹಿಡದು ಕೈ ಒರಸ್ಕೋತ ನಿಂತಿದ್ರು. ಮಾರಿ ತುಂಬ ನಗಿ.

"ತಮ್ಮಾ, ನೀ ಹೋದ ಮ್ಯಾಲೆ ನೋಡಿದ್ನಿ, ಒಂದು ಬೋಲ್ಟ್ ಸಡಿಲ ಆಗಿತ್ತು. ಬಿಗಿ ಮಾಡೀನಿ."

೪. ಜಡಿ

ಮತ್ತ ಎಣ್ಣಿ ಬಿಟ್ನಿ. ಈ ಸಲ ಮಲಗಲಿಲ್ಲ. ಸೀರಿ ಗಂಟು ತಂದು ಕಾಕಾನ ಎರಡೂ ಕೈಯಾಗ ಕೊಟ್ಟು, "ನೆಲಕ್ಕ ಇಡಬ್ಯಾಡ್ರಿ, ಎಣ್ಣಿ ಹತ್ತೀತು" ಅಂದ್ನಿ. ಹಂಗಾಗಿ ಅವರ ಕೈ ಖಾಲಿ ಆಗಲಿಲ್ಲ. ಬೋಲ್ಟ್ ಬಂತು, ಹೊಸಾ ಪಂಪ್ ಕುಂತಿತು. ಆದ್ರೂ ದಾರ್ಯಾಗ ನಿಂದರ್ಸಿ ಮತ್ತ ಬಿಗದಾರು ಅಂತ ಹೆದರಿ, ಅವರ ಪಾನಾದ ಮ್ಯಾಲೆ ಕುಂತು ನಾನೂ ಜೋಡೀಲೆ ಹೋದ್ನಿ.

ಬೀಗರ ಮನಿಯೊಳಗ ಹಿರೇ ಹೆಣ್ಮಕ್ಕಳು, "ಹೊತ್ತು ಮೀರಾಕತ್ತೈತಿ, ಕುಂದರವಾ, ಮನ್ಯಾಗಿನ ಸೀರಿ ಉಡಿಸ್ತೇವಿ" ಅಂತ ಕರೀತಿದ್ರು. ಮಗಳು ಹೊಸ್ತಲ ಬಿಟ್ಟು ಕದಲಿರಲಿಲ್ಲ. ಕಾರು ನೋಡಿದಾಕಿನ ಅತ್ಲು, ನಕ್ಲು, ಎರಡೂ ಕೂಡೇ ಮಾಡಿದ್ಲು. ಕಾಕಾ ಗಂಟು ಬಿಚ್ಚಿ ಸೀರಿ ಆಕಿ ಕೈಯಾಗ ಇಟ್ರು.

ತಡಾ ಯಾಕಾತು ಅಂತ ಕೇಳಿದ್ಲು. ಬೋಲ್ಟಿನ ಕತಿ ಹೇಳಿದ್ನಿ.

"ಅಣ್ಣಾರ, ನಿಮಗ ಬರೇ ಬೋಲ್ಟ್ ಸಿಕ್ಕೈತಿ. ಅವ್ವ ಹೋದ ಮ್ಯಾಲೆ ನನಗ ಜಡಿ ಹಾಕಿದಾಂವ ನಮ್ಮಪ್ಪ. ಹುಬ್ಬು ಹಣಿಗೆ ಏರತಿದ್ವು. ಸಾಲ್ಯಾಗ ಮಾಸ್ತರು, 'ಯಾಕವಾ, ನಾ ಏನ ಹೇಳಿದ್ರೂ ಅಷ್ಟ್ಯಾಕ ಗಾಬರಿಯಾಗಿ ನೋಡತಿ?' ಅಂತ ಕೇಳತಿದ್ರು."

೫. ತೊಟ್ಟಿಲಾ

ಗಂಡು ಕೂಸು ಹುಟ್ಟಿತು. ಹೆಸರಿಡೂ ದಿನ ನನಗೂ ಇಳಕಲ್ಲಿಗೆ ಕರೆ ಬಂತು. ಹೊಸಾ ಕಬ್ಬಿಣದ ತೊಟ್ಟಿಲಾ ತಂದು ಕಾಕಾ ತಾವ ಜೋಡಿಸಿದ್ರು. ಹೆಣ್ಮಕ್ಕಳು ಕೂಸಿನ್ನ ಹಾಕಿ, ಜೋಗುಳ ಎತ್ತಿ, ಹಗ್ಗ ಎಳದ್ರು. ತೊಟ್ಟಿಲಾ ತೂಗವಲ್ದು! ಇನ್ನೊಮ್ಮೆ ಜೋರ ಎಳದ್ರು. ಸ್ಟ್ಯಾಂಡ್ ಸಮೇತ ಕರ್ ಅಂತ ಸರದು ಕೂಸು ಅಡಗಿಮನಿ ಬಾಗಲಿಗೆ ಹೋತು. ಹಾಡು ನಿಂತು ನಗಿ ಎದ್ದಿತು.

ಎಲ್ಲಾರೂ ಕಾಕಾನ ಕಡೆ ನೋಡಿದ್ರು. ಕಾಕಾ ತಲಿ ತಗ್ಗಿಸಿ, "ಸಡಿಲ ಬಿಟ್ರ ಕೈ ಬಿಟ್ಟು ಹೋಗತಾವ" ಅಂದ್ರು.

ನಗಿ ತಣ್ಣಗಾತು. ಅವರು ಬೋಲ್ಟಿನ ಮಾತು ಆಡಿರಲಿಲ್ಲ ಅಂತ ನನಗಷ್ಟ ಅಲ್ಲ, ಎಲ್ಲಾರಿಗೂ ತಿಳೀತು. ಮಗಳು ಕೂಸಿನ್ನ ಎತ್ತಿ ಅಪ್ಪನ ತೊಡಿ ಮ್ಯಾಲೆ ಹಾಕಿ, "ಅಣ್ಣಾರ, ನೀವು ನೋಡ್ರಿ" ಅಂದ್ಲು.

ಕೊಬ್ಬರಿ ಎಣ್ಣಿ ತರಸಿ, ತೊಟ್ಟಿಲದ ಎರಡೂ ಬೋಲ್ಟಿಗೆ ಬಿಟ್ಟು, "ಇನ್ನ ಕಾಯಬೇಕ್ರಿ" ಅಂತ ಗ್ವಾಡಿಗೆ ಆತು ಕುಂತ್ನಿ. ಅವತ್ತು ಮಗ್ಗ ಬಂದ್ ಇದ್ವು. ಹೋಳಗಿ ಉಂಡ ಮನಿ, ಮಧ್ಯಾಹ್ನದ ಬಿಸಲು, ಬಾಣಂತಿ ಕ್ವಾಣಿಂದ ಬರೂ ಲೋಬಾನದ ಹೊಗಿ. ಎಲ್ಲಿದ್ದೇನಿ ಅನ್ನೂದ ಮರ್ತು ಹೋತು. ಎದ್ದಾಗ ಎಣ್ಣಿ ತನ್ನ ಕೆಲಸ ಮಾಡಿತ್ತು. ಪಾನಾ ಹಚ್ಚಿ ಸಡಿಲ ಮಾಡಿದ್ನಿ, ತೊಟ್ಟಿಲಾ ತಾನ ತೂಗಿತು.

"ಕಾಕಾರ, ಹಾಕ್ರಿ ಕೂಸಿನ್ನ."

ಕಾಕಾ ಅಲಗಲಿಲ್ಲ. ನೋಡಿದ್ರ ಕೂಸು ಅಜ್ಜನ ಬೆರಳು ಮುಷ್ಟ್ಯಾಗ ಹಿಡದು ಮಲಗಿತ್ತು. ಮಗಳು ಬಂದು ಬಿಡಸಾಕ ನೋಡಿದ್ಲು. ಕೂಸಿನ ಒಂದು ಬೆರಳು ಬಿಡಿಸಿದ್ರ ಇನ್ನೊಂದು ಮುಚ್ಚತಿತ್ತು. ನನಗಿನ್ನೂ ನಿದ್ದಿ ಪೂರಾ ಬಿಟ್ಟಿರಲಿಲ್ಲ, ರೂಢಿ ಇದ್ದಂಗ ಎಣ್ಣಿ ಬಾಟ್ಲಿ ಹಿಡದು ಮುಂದ ಹೋದ್ನಿ.

ಕಾಕಾ ಕೂಸಿನ್ನ ಅವುಚಿಕೊಂಡು ಅತ್ತಾಗ ತಿರುಗಿದ್ರು. ಕಣ್ಣಾಗ ನೀರು, ಬಾಯಾಗ ಬೈಗುಳ.

"ಏ ಮಲಗೂ ಮೆಕ್ಯಾನಿಕ್, ದೂರ ಸರಿಯೋ! ಇದು ನಾ ಬಿಗದದ್ದಲ್ಲ!"